ವಿಯೆನ್ನಾದಲ್ಲಿ ಹಿಂತಿರುಗಿ ನೋಡಿದವನು

ಒಬ್ಬ ಹತ್ತಿ ಸಾಹುಕಾರನಿದ್ದ. ಊರು ಗದಗ ಅಂತಲೇ ಇಟ್ಟುಕೊಳ್ಳಿ. ಹೆಂಡತಿಯನ್ನು ಕರೆದುಕೊಂಡು ಯುರೋಪು ನೋಡಲು ಹೊರಟ. ಪ್ರಾಗ್ ಕಂಡ, "ಬರೇ ಹಳೇ ಕಲ್ಲು" ಅಂದ. ಬುಡಾಪೆಸ್ಟ್ ಕಂಡ, "ಹೊಳಿ ಚಂದ, ಮಂದಿ ಮಾರಿ ಗಂಟು" ಅಂದ. ಹೀಗೆ ಊರೂರಿಗೆ ತೀರ್ಪು ಕೊಡುತ್ತಾ ವಿಯೆನ್ನಾಕ್ಕೆ ಬಂದ.

ಹೇಗೆ ನಡೆಯುತ್ತಿದ್ದ? ನೋಡಿ, ನಾವು ನಡೆಯುವ ಹಾಗೆಯೇ. ಗಂಡ ಮುಂದೆ, ಹೆಂಡತಿ ನಾಲ್ಕು ಮಾರು ಹಿಂದೆ. ಅವಳ ಫೋನು, ಪಾಸ್‌ಪೋರ್ಟು ಎರಡೂ ಇವನ ಜೇಬಿನಲ್ಲಿ. ಅವಳು ಕಳೆದುಬಿಡುತ್ತಾಳಂತೆ!

ಎತ್ತರದ ಕಿಟಕಿಗಳು, ಸದ್ದಿಲ್ಲದೆ ಜಾರುವ ಟ್ರಾಮು, ಯಾರೂ ಯಾರನ್ನೂ ಮಾತಾಡಿಸದ ಬೀದಿ. ಮುಂದೆ ನೋಡುತ್ತಲೇ ಸಾಹುಕಾರ ಹೇಳಿದ: "ಈ ಮಂದಿಗೆ ಮಾಯಾ ಮಮತಾ ಇಲ್ಲ ನೋಡ. ಒಬ್ಬರ ಮಾರಿ ಒಬ್ಬರು ನೋಡಂಗಿಲ್ಲ." ಹಿಂದಿನಿಂದ 'ಹೂಂ' ಬರಲಿಲ್ಲ. ತಿರುಗಿದ. ಹೆಂಡತಿ ಇಲ್ಲ!

ಯಾರನ್ನಾದರೂ ಕೇಳೋಣವೆಂದರೆ ಭಾಷೆ ಬಾರದು. ಗುರುತು ಹೇಳೋಣವೆಂದರೆ, ಅವಳು ಉಟ್ಟ ಸೀರೆ ಯಾವ ಬಣ್ಣದ್ದು? ನೆನಪಿಲ್ಲ. ಬೆಳಗಿನಿಂದ ಜೊತೆಗಿದ್ದಾಳೆ, ನೆನಪಿಲ್ಲ! ಬಂದ ದಾರಿಯಲ್ಲೇ ಓಡಿದ. ಕರೆಯಬೇಕು, ಏನಂತ ಕರೆಯುವುದು? ಮದುವೆಯಾದಾಗಿನಿಂದ 'ಏ ಇಕಿನ' ಬಿಟ್ಟು ಬೇರೆ ಕರೆದಿಲ್ಲ. ನಟ್ಟನಡು ಬೀದಿಯಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದ: "ಪಾರವ್ವಾ! ಏ ಪಾರವ್ವಾ!"

ಹೂವಿನಂಗಡಿಯ ಬಾಗಿಲಲ್ಲಿ ಒಂದು ಕೈ ಮೇಲೆದ್ದಿತು. ಪಾರವ್ವ ಸ್ಟೂಲಿನ ಮೇಲೆ ಕೂತಿದ್ದಳು. ಅಂಗಡಿಯ ಮುದುಕಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಹರಿದ ಚಪ್ಪಲಿಗೆ ಹೂ ಕಟ್ಟುವ ದಾರ ಸುತ್ತುತ್ತಿದ್ದಳು.

"ಚಪ್ಪಲಿ ಹರೀತು, ನಿಲ್ಲ್ರಿ ಅಂತ ಒದರಿದೆ. ನೀವು ಭಾಷಣಾ ಬಿಗಿಯಾಕತ್ತಿದ್ರಿ" ಅಂದಳು ಪಾರವ್ವ. ಆಮೇಲೆ ದನಿ ತಗ್ಗಿಸಿ, "ಹೆಸರ ಹಿಡದು ಕೂಗಿದ್ರಲ್ರಿ, ಮಂದಿ ಏನ ಅಂದಾರು!"

ಸಾಹುಕಾರ ಫುಟ್‌ಪಾತಿನ ಮೇಲೆ ಕುಸಿದು ಕೂತ. ನಕ್ಕ, ಅತ್ತ, ಹೋದ ಜೀವ ಬಂದ ಹಾಗಾಯಿತು. ಮುದುಕಿ ಅವನಿಗೂ ಒಂದು ಲೋಟ ನೀರು ಕೊಟ್ಟಳು.

ನಗುತ್ತಿದ್ದೀರಿ. ನಗಿ. ಆದರೆ ಹೇಳಿ, ಮುಖ ನೋಡದವರು ಯಾರು? ಆ ಊರಿನವರೇ? ಗಂಡಸರೇ, ನಿಮ್ಮ ಮನೆಯವರು ಇವತ್ತು ಉಟ್ಟ ಸೀರೆಯ ಬಣ್ಣ ಯಾವುದು? ಹಾಂ, ಈಗ ಹೆಂಗಸರು ಕೂತ ಕಡೆ ತಿರುಗಬೇಡಿ! ನಮ್ಮ ಪುಣ್ಯ, ಸಾಹುಕಾರನ ಹಾಗೆ ನಾವು ಕಳೆದುಕೊಂಡು ಕಲಿಯಬೇಕಾಗಿಲ್ಲ.

ಪ್ರವಚನ ಮುಗಿದ ಮೇಲೆ ಗೇಟಿನ ಹತ್ತಿರ ನಿಂತುಕೊಳ್ಳಿ. ಅವರು ಬರಲಿ. ಹೆಸರು ಹಿಡಿದು ಕರೆಯಿರಿ. ಪಕ್ಕದಲ್ಲಿ ನಡೆಯಿರಿ, ಅವರ ನಡಿಗೆಯಲ್ಲೇ. ಮನೆ ಸೇರುವುದು ತುಸು ತಡವಾಗುತ್ತದೆ. ಆಗಲಿ.