ಇಲಾಖೆಯ ಲೆಕ್ಕದಲ್ಲಿ ಒಂದೇ ಮನೆ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಹಾರ ಹಾಕಿಸಿಕೊಂಡು ಸಂಕೋಚದಿಂದ ಕುಗ್ಗಿ ಕೂತಿರುವ ನಮ್ಮ ನಿವೃತ್ತ ಟೆಲಿಫೋನ್ ಇನ್ಸ್‌ಪೆಕ್ಟರ್ ಸಾಹೇಬರೇ, ಬಡಾವಣೆಯ ನಿವಾಸಿಗಳ ಸಂಘದ ಪದಾಧಿಕಾರಿಗಳೇ, ಮತ್ತು ನಮ್ಮ ಅಂಗಡಿಯ ಕುರ್ಚಿಗಳ ಮೇಲೆ ಆರಾಮವಾಗಿ ಕೂತಿರುವ ಸಭಿಕರೇ,

ದಯವಿಟ್ಟು ಕುರ್ಚಿಯನ್ನು ಹಿಂದಕ್ಕೆ ವಾಲಿಸಬೇಡಿ. ಕಾಲು ಮುರಿದರೆ ಬಾಡಿಗೆಗೆ ತಂದ ಸಂಘದವರು ನನಗೆ ಉತ್ತರ ಹೇಳಬೇಕಾಗುತ್ತೆ.

ಸಾಹೇಬರನ್ನು ಕುರಿತು ಐದು ನಿಮಿಷ ಮಾತಾಡಿ ಅಂದಿದ್ದಾರೆ. ನಾನು ಮಾತಿಗೆ ನಿಂತರೆ ಐದು ನಿಮಿಷಕ್ಕೆ ಮುಗಿಯಲ್ಲ ಅಂತ ಗೊತ್ತಿದ್ದೂ ಕರೆದಿದ್ದಾರೆ, ಅದು ಅವರ ಹಣೆಬರಹ. ಹಿಂದೆ ಪರವೂರಿಗೆ ಮಾತಾಡೋ ಟ್ರಂಕ್ ಕಾಲಿನಲ್ಲಿ ಮೂರು ನಿಮಿಷ ಆದ ಕೂಡಲೇ ಆಪರೇಟರಮ್ಮ ನಡುವೆ ಬಾಯಿ ಹಾಕಿ, "ಟೈಮಾಯ್ತು, ಮುಂದುವರಿಸ್ತೀರಾ?" ಅಂತ ಕೇಳೋರು. ಅಂಥವರೊಬ್ಬರನ್ನು ಈ ಮೈಕಿನ ಪಕ್ಕ ಕೂರಿಸಿಲ್ಲ, ನನ್ನ ಪುಣ್ಯ.

ಸಭಿಕರೇ, ಆಗ ಮಾತಿಗೆ ಬೆಲೆ ಇತ್ತು. ಇದು ಭಾಷಣದ ಮಾತಲ್ಲ, ನಿಜವಾಗಿಯೂ ದರಪಟ್ಟಿ ಇತ್ತು. ತಂತಿ ಕಳಿಸಿದರೆ ಪದಕ್ಕಿಷ್ಟು. ವಿಳಾಸದ ಪದಗಳಿಗೂ ದುಡ್ಡು. ಇನ್‌ಲ್ಯಾಂಡ್ ಕಾಗದದ ಒಳಗೆ ಒಂದು ಚೀಟಿ ಇಟ್ಟು ಮಡಚಿದರೂ ದಂಡ. ಟ್ರಂಕ್ ಕಾಲು ಸಾಧಾರಣದ್ದಾದರೆ ಒಂದು ದರ, ಅರ್ಜೆಂಟಾದರೆ ದುಪ್ಪಟ್ಟು, ಅದರ ಮೇಲೆ ಮಿಂಚಿನ ಕರೆ ಅಂತ ಇನ್ನೊಂದಿತ್ತು. ಅದರ ದರ ಕೇಳಿದರೆ ಹೇಳಬೇಕಾದ ವಿಷಯವೇ ಮರೆತುಹೋಗ್ತಿತ್ತು. ಇನ್ನು ಮನೆಗೆ ಫೋನು ಬೇಕು ಅಂದರೆ ಅರ್ಜಿ ಹಾಕಿ ಕಾಯಬೇಕು. ಎಷ್ಟು ಕಾಯಬೇಕು? ಅರ್ಜಿ ಹಾಕಿದಾಗ ತೊಟ್ಟಿಲಲ್ಲಿದ್ದ ಮಗು ಶಾಲೆಗೆ ಹೋಗಿ ಮಗ್ಗಿ ಕಲಿತು ಬರೋವಷ್ಟು.

ನಮ್ಮ ಮನೆಯಲ್ಲಿ ಮಾವನವರು ಹಾಗೆ ಕಾದೂ ಕಾದೂ ಹಾಕಿಸಿದ ಕಪ್ಪು ಫೋನಿತ್ತು. ಮಾವನವರಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವರು, ಅಂದರೆ ನಮ್ಮ ಭಾವ, ನೀರಿನ ಪಂಪು ರಿಪೇರಿ ಮಾಡೋರು. ಚಿಕ್ಕವರು ನಮ್ಮ ಯಜಮಾನರು, ಕುರ್ಚಿ ಪೆಂಡಾಲು ಬಾಡಿಗೆಗೆ ಕೊಡ್ತಾರೆ. ಇಬ್ಬರ ಗಿರಾಕಿಗಳೂ ಬರ್ತಿದ್ದದ್ದು ಅದೊಂದೇ ಫೋನಿನ ಮೂಲಕ. ಯಜಮಾನರು ಅಗೋ, ಮೂರನೇ ಸಾಲಿನಲ್ಲಿದ್ದಾರೆ. ಪಕ್ಕದಲ್ಲಿರೋರು ಭಾವನ ಹೆಂಡತಿ, ನನ್ನ ಓರಗಿತ್ತಿ. ನಾನು ಅಕ್ಕ ಅಂತೀನಿ.

ಮಾವನವರು ಹೋದ ಮೇಲೆ ಅಣ್ಣತಮ್ಮಂದಿರಿಗೆ ಜಗಳವಾಯಿತು. ಯಾಕೆ ಅಂತ ಕೇಳಬೇಡಿ. ಕೇಳಿದಿರಾ? ಹಾಗಾದರೆ ಹೇಳ್ತೀನಿ. ಹಿತ್ತಲಲ್ಲಿ ಒಂದು ತಗಡಿನ ಶೆಡ್ಡು. ಅದರಲ್ಲಿ ಪಂಪು ಇಡೋದೋ ಕುರ್ಚಿ ಇಡೋದೋ? ಇಷ್ಟೇ ಕಣ್ರೀ! ಇಷ್ಟಕ್ಕೆ ಮಾತಿಗೆ ಮಾತು ಬೆಳೆದು, ಆಮೇಲೆ ಮಾತೇ ನಿಂತು, ಕೊನೆಗೆ ಮನೆಯ ನಟ್ಟನಡುವೆ ಗೋಡೆ ಎದ್ದಿತು. ಇಬ್ಬರೂ ಮಹಾ ಹಠಮಾರಿಗಳು. ಮೂರನೇ ಸಾಲಿನವರು ಮುಖ ಊದಿಸಿಕೊಳ್ಳೋದು ಬೇಡ, ಇಡೀ ಬೀದಿಗೆ ಗೊತ್ತಿರೋದೇ ಹೇಳ್ತಿದ್ದೀನಿ.

ನಾನು ಸೊಸೆಯಾಗಿ ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ. ತಾಯಿಯಿಲ್ಲದೆ ಬೆಳೆದವಳು. ಒಲೆ ಹಚ್ಚೋದರಿಂದ ಹಿಡಿದು, ಗಂಡನ ಮುಖ ನೋಡಿ ಅದು ಹಸಿವೋ ಸಿಟ್ಟೋ ಅಂತ ಹೇಳೋವರೆಗೆ ಎಲ್ಲ ಕಲಿಸಿದ್ದು ಅಕ್ಕ. ಗೋಡೆ ಮೇಲೇಳ್ತಾ ಏಳ್ತಾ ಮೊದಲು ಅಕ್ಕನ ಸೊಂಟ ಮರೆಯಾಯಿತು, ಆಮೇಲೆ ಹೆಗಲು, ಕೊನೆಗೆ ಮುಖ. ನಾನು ನಿಂತಲ್ಲೇ ಗೊಳೋ ಅಂತ ಅತ್ತುಬಿಟ್ಟೆ. ನಮ್ಮ ಯಜಮಾನರು ಒಳ್ಳೆಯವರೇ, ಆದರೆ ಬಾಯಿಬಿಟ್ಟರೆ ಮುತ್ತು ಉದುರಿಹೋಗುತ್ತೇನೋ ಅನ್ನೋ ಪೈಕಿ. ಅಕ್ಕ ಇಲ್ಲದೆ ಆ ಮನೆಯಲ್ಲಿ ನಾನು ಯಾರ ಹತ್ತಿರ ಮಾತಾಡಲಿ? ಬಾಳೋದು ಹೇಗೆ ಅನ್ನಿಸಿಬಿಟ್ಟಿತ್ತು.

ಗೋಡೆ ಕಟ್ಟಿದ್ದಾಯಿತು. ಫೋನನ್ನು ಎರಡು ಹೋಳು ಮಾಡೋಕಾಗುತ್ತಾ? ಅದು ಭಾವನ ಕಡೆ ಉಳಿಯಿತು. ಅದೇ ಲೈನಿನಿಂದ ನಮ್ಮ ಕಡೆಗೂ ಒಂದು ಎಕ್ಸ್‌ಟೆನ್ಷನ್ ಕೊಡಿ ಅಂತ ಅರ್ಜಿ ಹೋಯಿತು. ಸ್ಥಳ ನೋಡೋಕೆ ಬಂದವರು ಇದೇ ಸಾಹೇಬರು. ಆಗ ತಲೆತುಂಬ ಕೂದಲಿತ್ತು, ನಂಬಿ. ಬಂದರು, ಹಸಿ ಗೋಡೆಯನ್ನು ಬೆರಳಿನಿಂದ ತಟ್ಟಿದರು, ನಿಯಮ ಹೇಳಿದರು: "ಎಕ್ಸ್‌ಟೆನ್ಷನ್ ಒಂದೇ ಮನೆಯೊಳಗೆ ಮಾತ್ರ. ಇದು ಎರಡು ಮನೆ. ಫೋನು ಅವರಿಗೆ. ನೀವು ಹೊಸದಾಗಿ ಅರ್ಜಿ ಹಾಕಿ ಸರದಿಯಲ್ಲಿ ನಿಲ್ಲಬೇಕು."

ನಮ್ಮ ಯಜಮಾನರ ವ್ಯಾಪಾರ ನೆಲಕಚ್ಚೋ ಮಾತದು. ಗಾಬರಿಬಿದ್ದು, "ಒಂದೇ ಮನೆ ಸಾರ್" ಅಂದುಬಿಟ್ಟರು. ಗೋಡೆಯ ಆ ಕಡೆಯಿಂದ ಭಾವನ ದನಿಯೂ ಬಂತು, "ಒಂದೇ ಮನೆ ಸಾರ್." ಜಗಳವಾದ ಮೇಲೆ ಇಬ್ಬರೂ ಒಪ್ಪಿದ ಮೊದಲನೇ ಮಾತು!

ಸಾಹೇಬರು ಬಿಡ್ತಾರಾ? "ಒಂದೇ ಮನೆಯಾದರೆ ಇಲ್ಲಿಂದ ಅಲ್ಲಿಗೆ ಹೋಗೋದು ಹೇಗೆ?" ಅಂತ ಕೇಳಿದರು. ಆಮೇಲೆ ತಾವೇ ದಾರಿ ತೋರಿಸಿ, "ಒಳಗಿನಿಂದಲೇ ಓಡಾಡೋಕೆ ಬಾಗಿಲಿದ್ದರೆ ಇಲಾಖೆಯ ಲೆಕ್ಕದಲ್ಲಿ ಒಂದೇ ಮನೆ. ಬಾಗಿಲಿಗೆ ಬೀಗ ಇರಬಾರದು. ತಪಾಸಣೆಗೆ ಯಾವಾಗ ಬೇಕಾದರೂ ಬರ್ತೀನಿ" ಅಂದರು.

ಗೋಡೆ ಕಟ್ಟಿದ ಗಾರೆಯವನೇ ಬಂದು ಗೋಡೆ ಒಡೆದ. ಒಡೀತಾ ಒಡೀತಾ ಮುಸಿಮುಸಿ ನಗ್ತಿದ್ದ. ಬಾಗಿಲು ಕೂತಿತು, ಆ ಕಡೆಯಿಂದ ಅಕ್ಕ ಇಣುಕಿ, "ಊಟ ಆಯ್ತೇನೇ?" ಅಂದಳು. ಹೋದ ಜೀವ ಬಂದ ಹಾಗಾಯಿತು ನನಗೆ.

ಎಕ್ಸ್‌ಟೆನ್ಷನ್ ಬಂದ ಮೇಲೆ ಶುರುವಾಯಿತು ನೋಡಿ ಮಜಾ. ಗಂಟೆ ಎರಡೂ ಕಡೆ ಒಟ್ಟಿಗೇ ಹೊಡೆಯೋದು. ಅಣ್ಣತಮ್ಮ ಇಬ್ಬರೂ ಓಡಿಬಂದು ಒಟ್ಟಿಗೇ ಎತ್ತೋರು. "ಹಲೋ." "ಹಲೋ." ಗಿರಾಕಿ ತಬ್ಬಿಬ್ಬು. ಪಂಪು ಕೆಟ್ಟವರು ಕುರ್ಚಿಯವರಿಗೆ ಗೋಳು ಹೇಳಿಕೊಳ್ಳೋರು, ಮದುವೆಯವರು ಪಂಪಿನವರಿಗೆ ಪೆಂಡಾಲಿನ ಅಳತೆ ಕೊಡೋರು. ಅದನ್ನು ದಾಟಿಸಬೇಕಲ್ಲ? ಇವರಿಬ್ಬರೂ ಮಾತಾಡೋ ಹಾಗಿಲ್ಲ. ಹಾಗಾಗಿ ಅಕ್ಕ ಈ ಕಡೆ ಬರೋಳು, ನಾನು ಆ ಕಡೆ ಹೋಗೋಳು. ಪಂಪಿನ ಸುದ್ದಿ ಹೇಳೋಕೆ ಹೋದವಳು ಸಂಜೆ ದೀಪ ಹಚ್ಚೋ ಹೊತ್ತಿಗೆ ವಾಪಸ್ಸು ಬರ್ತಿದ್ದೆ. ನನ್ನ ಮಗಳು ಅಂಬೆಗಾಲಿಟ್ಟು ಮೊದಲು ದಾಟಿದ್ದೂ ಆ ಹೊಸಿಲನ್ನೇ.

ಆದರೂ ಎದೆಯೊಳಗೆ ಒಂದು ಭಯ ಇದ್ದೇ ಇತ್ತು. ನಮ್ಮ ಯಜಮಾನರು ತಮ್ಮ ಹೆಸರಿಗೇ ಬೇರೆ ಫೋನು ಬೇಕು ಅಂತ ಅರ್ಜಿ ಹಾಕಿದ್ದರು. "ಫೋನು ಬಂದ ದಿನವೇ ಬಾಗಿಲು ಮುಚ್ಚಿಸ್ತೀನಿ" ಅಂತಿದ್ದರು. ಭಾವನದೂ ಅದೇ ರಾಗ, "ಬರಲಿ, ಇಟ್ಟಿಗೆ ನಾನೇ ತರಿಸ್ತೀನಿ." ಅರ್ಜಿಯ ಸರದಿ ಒಂದೊಂದು ಹೆಜ್ಜೆ ಮುಂದೆ ಹೋದಾಗಲೂ ನಾನು ಓಡಿಹೋಗಿ ಅಕ್ಕನಿಗೆ ಹೇಳಿಬರ್ತಿದ್ದೆ.

ಒಂದು ದಿನ ಸಾಹೇಬರು ಬಂದರು. ಗಂಡಸರಿಬ್ಬರೂ ಕೆಲಸಕ್ಕೆ ಹೋಗಿದ್ದರು. ತಪಾಸಣೆ ಇರಬೇಕು ಅಂದುಕೊಂಡರೆ, "ಅಮ್ಮಾ, ನಿಮ್ಮ ಸರದಿ ಬಂದಿದೆ" ಅಂದರು. ಸಾಹೇಬರು ಅಲ್ಲಿಗೇ ನಿಲ್ಲಿಸಲಿಲ್ಲ. ಯಾರೂ ಕೇಳದೇನೇ, ಪಾಠ ಒಪ್ಪಿಸೋ ಹಾಗೆ, "ಮನೆಯವರು ಈಗ ಬೇಡ ಅಂದರೆ ಹೆಸರು ಪಟ್ಟಿಯ ಕೊನೆಗೆ ಹೋಗುತ್ತೆ. ಮತ್ತೆ ವರ್ಷಗಟ್ಟಲೆ ಕಾಯಬೇಕು. ಇದು ನಿಯಮ" ಅಂದರು. ನಾನು ಅಕ್ಕನ ಮುಖ ನೋಡಿದೆ. ಅಕ್ಕ ನನ್ನ ಮುಖ ನೋಡಿದಳು. ಅಕ್ಕ ಬಾಗಿಲಿಗೆ ಅಡ್ಡ ನಿಂತು, "ಈಗ ಏನವಸರ ಸಾರ್? ಹಿಂದಿರೋ ಪಾಪದವರಿಗೆ ಕೊಡಿ" ಅಂದಳು. ನಾನು ಸಹಿ ಹಾಕಿದೆ.

ಹೌದು ರೀ, ಬೇಡ ಅಂದದ್ದು ನಾವೇ! ಬಾಯಿ ಮುಚ್ಚಿ, ಸೊಳ್ಳೆ ಹೋದೀತು. ಆಮೇಲೆ ಎಷ್ಟೋ ವರ್ಷ ಈ ಮಹಾನುಭಾವರು ಇಲಾಖೆಗೆ ಹಿಡಿಶಾಪ ಹಾಕಿದರು ಸಭಿಕರೇ. ಸರ್ಕಾರ ಸರಿಯಿಲ್ಲ, ಅಧಿಕಾರಿಗಳು ಸರಿಯಿಲ್ಲ ಅಂತ. ಅಕ್ಕ ನಾನು ಸೆರಗು ಬಾಯಿಗಿಟ್ಟುಕೊಂಡು ನಗ್ತಿದ್ದೆವು. ಪಶ್ಚಾತ್ತಾಪ ಇದೆಯಾ ಅಂದರೆ, ಎಳ್ಳಷ್ಟೂ ಇಲ್ಲ. ಇವತ್ತು ಸರದಿ ಬಂದರೂ ಬೇಡ ಅಂತಲೇ ಹೇಳ್ತೀನಿ.

ಆಮೇಲೆ ಕಾಲ ಬದಲಾಯಿತು. ಕೇಳಿದವರಿಗೆಲ್ಲ ಫೋನು ಸಿಕ್ಕಿತು. ಅಷ್ಟು ಹೊತ್ತಿಗೆ ನನ್ನ ಮಗಳು ಆ ಕಡೆ ಉಂಡು ಈ ಕಡೆ ಮಲಗೋಳಾಗಿದ್ದಳು, ಬಾಗಿಲು ಮುಚ್ಚೋ ಮಾತನ್ನು ಯಾರೂ ಎತ್ತಲಿಲ್ಲ. ಬಾಗಿಲು ಗೆದ್ದೆವು. ಅವರಿಬ್ಬರ ಬಾಯಿ ಮಾತ್ರ ತೆರೆಸೋಕಾಗಲಿಲ್ಲ. ಹೋದ ವರ್ಷ ಭಾವ ತೀರಿಕೊಂಡರು. ಅವತ್ತಿನಿಂದ ನಮ್ಮ ಯಜಮಾನರು ಊಟಕ್ಕೆ ಕೂತರೆ ಅರ್ಧಕ್ಕೇ ಏಳ್ತಾರೆ. ಕೇಳಿದರೆ, "ಅಣ್ಣ ನನ್ನ ಮೇಲಿನ ಸಿಟ್ಟಿನಲ್ಲೇ ಹೋದ" ಅಂತಾರೆ. ಇದನ್ನು ಇಲ್ಲಿ ಹೇಳಬಾರದಿತ್ತೇನೋ. ಹೇಳಿಬಿಟ್ಟೆ. ನನಗೂ ಸಾಕಾಗಿದೆ, ಏನು ಸಮಾಧಾನ ಹೇಳಬೇಕು ಅಂತ ಗೊತ್ತಾಗ್ತಿಲ್ಲ.

ಏನು ಸಾಹೇಬರೇ? ನಾನು ಮುಗಿಸಬೇಕಾ? ಅಲ್ವಾ? ಅಧ್ಯಕ್ಷರೇ, ಒಂದು ನಿಮಿಷ, ಸಾಹೇಬರು ಏನೋ ಹೇಳಬೇಕಂತೆ.

ಯಾರು? ಯಾವಾಗ?

ಕ್ಷಮಿಸಿ, ಸಭಿಕರೇ. ಆ ನೀರು ಸ್ವಲ್ಪ ಈ ಕಡೆ ಕೊಡಿ.

ಮೈಕಿನಲ್ಲಿ ಹೇಳಿ ಅಂದರೆ ಸಾಹೇಬರು ಒಲ್ಲೆ ಅಂತಿದ್ದಾರೆ. ನಾನೇ ಹೇಳ್ತೀನಿ. ನಮ್ಮ ಸರದಿ ಬಂತು ಅಂತ ಹೇಳೋಕೆ ಬಂದಿದ್ದರಲ್ಲ, ಅದಕ್ಕೆ ಮುಂಚೆ ಭಾವ ಇವರ ಆಫೀಸಿಗೆ ಹೋಗಿದ್ದರಂತೆ. ಕೈಯ ಗ್ರೀಸೂ ತೊಳೆದಿರಲಿಲ್ಲವಂತೆ. "ಸಾರ್, ತಮ್ಮನ ಸರದಿ ಹತ್ತಿರ ಬಂದಿದೆ ಅಂತ ಕೇಳಿದೆ. ಅವನಿಗೆ ಬೇರೆ ಫೋನು ಬಂದರೆ ಬಾಗಿಲು ಹೋಗುತ್ತೆ, ಫೋನೆತ್ತಿದಾಗ ನನಗೆ ಅವನ ದನಿ ಕೇಳೋದೂ ತಪ್ಪಿಹೋಗುತ್ತೆ. ಏನಾದರೂ ಮಾಡಿ, ತಡ ಮಾಡಿ" ಅಂದರಂತೆ. ಸಾಹೇಬರು, "ಅರ್ಜಿ ಹಾಕಿದವರ ಮನೆಯವರೇ ಬೇಡ ಅನ್ನಬೇಕು, ಅಣ್ಣ ಹೇಳಿದರೆ ಆಗಲ್ಲ" ಅಂದರಂತೆ. ಭಾವ ಹೊರಟವರು ತಿರುಗಿ ಬಂದು, "ನಾನು ಬಂದಿದ್ದೆ ಅಂತ ಅವನಿಗೆ ಹೇಳಬೇಡಿ ಸಾರ್. ನೆತ್ತಿ ಹತ್ತಿ ಕೂತ್ಕೋತಾನೆ" ಅಂದರಂತೆ. ಅದಕ್ಕೇ ಸಾಹೇಬರು ಗಂಡಸರಿಲ್ಲದ ಹೊತ್ತು ನೋಡಿ ಬಂದದ್ದು. ಅದಕ್ಕೇ ಕೇಳದಿದ್ದರೂ ನಿಯಮ ಒಪ್ಪಿಸಿದ್ದು. ಮಾತು ಕೊಟ್ಟಿದ್ದೆ, ಇಷ್ಟು ವರ್ಷ ಉಳಿಸಿಕೊಂಡೆ, ಇನ್ನು ಆಗಲ್ಲ ಅಂತಿದ್ದಾರೆ.

ಅಕ್ಕಾ, ನಿನಗೂ ಹೇಳಿರಲಿಲ್ವಾ? ಇಲ್ಲವಂತೆ.

ರೀ, ಕೇಳಿಸಿತಾ? ನಿಮ್ಮಣ್ಣ ಸಿಟ್ಟಿನಲ್ಲಿ ಹೋಗಲಿಲ್ಲ ಕಣ್ರೀ.

ಸಭಿಕರೇ, ಭಾಷಣ ಬರೆದುಕೊಂಡು ಬಂದಿದ್ದೆ, ಕೊನೆಯಲ್ಲಿ ಸಾಹೇಬರ ಕರ್ತವ್ಯನಿಷ್ಠೆಯ ಮೇಲೆ ನಾಲ್ಕು ಒಳ್ಳೆಯ ವಾಕ್ಯ ಇದ್ದವು. ಅವು ಈಗ ಬೇಡ. ಸಾಹೇಬರೇ, ನಿಮಗೆ ಕೈಮುಗೀತೀನಿ. ಇಷ್ಟು ಹೊತ್ತು ಸಹಿಸಿಕೊಂಡ ಅಧ್ಯಕ್ಷರಿಗೆ, ನಿಮಗೆಲ್ಲರಿಗೆ ನನ್ನ ಕೃತಜ್ಞತೆಗಳು. ನಮ್ಮ ಯಜಮಾನರು ಎದ್ದು ವೇದಿಕೆ ಕಡೆ ಬರ್ತಿದ್ದಾರೆ, ಸ್ವಲ್ಪ ದಾರಿ ಬಿಡಿ. ನನ್ನ ಹತ್ತಿರ ಅಲ್ಲ, ಸಾಹೇಬರ ಹತ್ತಿರ. ಅಣ್ಣ ಇನ್ನೇನೇನು ಹೇಳಿದ ಅಂತ ಕೇಳಬೇಕಂತೆ. ನಮಸ್ಕಾರ.