ಗೇಟಿನ ಹೊರಗೆ ಕೂತಿರೋ ಸೂಲಗಿತ್ತಿ

ಇಲ್ಲ ಡಾಕ್ಟ್ರೇ, ತಡ ಮಾಡಿದ್ದು ನಾವಲ್ಲ!

ಸರಿ, ಮೊದಲು ಮರ್ಯಾದೆ. ವೇದಿಕೆ ಮೇಲಿರೋ ಮೇಯರ್ ಸಾಹೇಬ್ರೇ, ‘ಬಸುರಿಯರನ್ನ ತಡವಾಗಿ ತರ್ತೀರಿ’ ಅಂತ ಈಗಷ್ಟೇ ನಮ್ಮನ್ನ ಬೈದು ಕೂತ ದೊಡ್ಡ ಡಾಕ್ಟರ್ ಓವಾಯೆ ಅವ್ರೇ, ಗ್ವಾಟೆಮಾಲಾ ನಗರದಿಂದ ಬೆಟ್ಟ ಹತ್ತಿ ಬಂದ ಅತಿಥಿಗಳೇ, ನಮ್ಮೂರ ಸಭಿಕರೇ. ಹೊಸ ಹೆರಿಗೆ ವಾರ್ಡಿಗೆ ಮೊದಲು ಸೇರಿದ ಬಸುರಿಯ ಗಂಡ ನಾನು. ‘ದಿಯೇಗೊ, ಎರಡೇ ಮಾತು, ಥ್ಯಾಂಕ್ಸ್ ಹೇಳಿ ಇಳಿದುಬಿಡಪ್ಪ’ ಅಂದ್ರಿ. ಆರನೇ ಕ್ಲಾಸಿಗೇ ಸ್ಕೂಲ್ ಬಿಟ್ಟೋನು, ಎರಡು ಎಲ್ಲಿಗೆ ಮುಗಿಯುತ್ತೋ ನಂಗೊತ್ತಿಲ್ಲ.

ನಮ್ಮಕ್ಕ ಮಿಕಾಯೆಲಾನ ಹಳೇ ವಾರ್ಡಿಗೆ ಕರ್ಕೊಂಡ್ ಬಂದಿದ್ದು ಯಾವಾಗ? ನೋವು ಶುರುವಾದ ತಕ್ಷಣ! ನನ್ನ ಪಿಕಪ್‌ನಲ್ಲೇ. ಹೊರಡಿಸಿದ್ದು ಯಾರು? ಸೂಲಗಿತ್ತಿ ಷೆಪಾ ಅಜ್ಜಿ. ‘ರಕ್ತ ನಿಲ್ಸೋ ಔಷಧಿ ಅವ್ರ ಹತ್ರ ಐತೆ ಮಗಾ, ಭಯ ನಿಲ್ಸೋದು ನಾನ್ ನೋಡ್ಕೋತೀನಿ’ ಅಂದ್ಲು. ಗೇಟಲ್ಲೇ ಅಜ್ಜಿನ ತಡೆದ್ರಿ. ಒಳಗೆ ಅಕ್ಕನ ಸೊಂಟದ ಪಟ್ಟಿ ಬಿಚ್ಚಿಸಿದ್ರಿ. ಬಸುರಿ ಹೊಟ್ಟೆನ ಬೆಚ್ಚಗೆ ಕಟ್ಟಿಡೋ ಜನ ನಾವು. ನೀವು ತೆಳ್ಳನೆ ಗೌನ್ ಹಾಕಿ ಕಬ್ಬಿಣದ ಮಂಚದ ಮೇಲೆ ಮಲಗಿಸಿದ್ರಿ. ನರ್ಸಮ್ಮ ಸ್ಪ್ಯಾನಿಷಲ್ಲಿ ಕೂಗ್ತಾಳೆ, ಅಕ್ಕಂಗೆ ನಮ್ಮ ಕಿಚೆ ಬಿಟ್ರೆ ಬೇರೆ ಮಾತು ಬರಲ್ಲ. ಎದ್ದು ಬಂದೇಬಿಟ್ಲು. ‘ತಮ್ಮಾ, ಗಾಡಿ ತೆಗಿ. ಅಜ್ಜಿ ಇಲ್ದೆ ನಾನಿಲ್ಲಿ ಹೆರಲ್ಲ.’

ಮನೇಲಿ ಹೆತ್ಲು. ಕೂಸು ಉಳೀತು. ಈಗ ನನ್ನನ್ನೇ ಅಪ್ಪ ಅನ್ನುತ್ತೆ, ಮಹಾ ತುಂಟಿ. ಅಕ್ಕನ ರಕ್ತ ಮಾತ್ರ ನಿಲ್ಲಲಿಲ್ಲ. ಮತ್ತೆ ಓಡಿಸಿಕೊಂಡು ಬಂದಾಗ ನೀವು ಅಂದಿದ್ದು ಇದೇ ಮಾತು: ‘ತಡವಾಗಿ ತಂದ್ರಿ.’ ಬೇಗ ಬಂದೋಳು ಯಾಕೆ ಎದ್ದು ಹೋದ್ಲು ಅಂತ ಕೇಳಿದ್ರಾ? ಒಬ್ರಾದ್ರೂ ಕೇಳಿದ್ರಾ?

ಈ ವಾರ್ಡ್ ಚೆನ್ನಾಗಿದೆ, ಸುಳ್ಳು ಹೇಳಲ್ಲ. ಕೋಣೆ ಬೆಚ್ಚಗಿದೆ, ರಕ್ತ ಇಡೋ ಫ್ರಿಜ್ ಬಂದಿದೆ. ನೋಡಿ ಕಣ್ಣು ತುಂಬ್ತು. ಇದನ್ನ ನಂಬಿ ಹೆಂಡ್ತಿ ತೊಮಾಸಾನ ಕರ್ಕೊಂಡ್ ಬಂದೆ. ಈ ಗಳಿಗೇಲೂ ಒಳಗೆ ನೋವು ತಿಂತಿದಾಳೆ. ಷೆಪಾ ಅಜ್ಜಿ ಎಲ್ಲಿ? ಗೇಟಿನ ಹೊರಗೆ ಕಲ್ಲಿನ ಮೇಲೆ! ರಿಬ್ಬನ್ ಕತ್ತರಿಸೋಕೆ ಮೇಯರ್ ಸಾಹೇಬ್ರು ಒಳಗೆ ಹೋದ್ರು, ಹಿಂದೇನೇ ಬ್ಯಾಂಡಿನವರೂ ಹೋದ್ರು, ಅಷ್ಟುದ್ದದ ಮರಿಂಬಾ ವಾದ್ಯ ಹೊತ್ಕೊಂಡು! ಅಜ್ಜಿ ಮಾತ್ರ ಹೋಗಬಾರದಾ? ತೊಮಾಸಾ ಆಗಲೇ ಮಂಚದ ಕೆಳಗೆ ಚಪ್ಪಲಿ ಹುಡುಕ್ತಿದಾಳಂತೆ.

ಅವಳು ಎದ್ದು ಬರಬಾರದು. ನನ್ನ ಗಾಡಿ ಇನ್ನೊಂದ್ಸಲ ಆ ರಸ್ತೆ ಇಳೀಬಾರದು.

ಏನ್ ಡಾಕ್ಟ್ರೇ, ಯಾಕೆ ಎದ್ರಿ? ಬೈತೀರಾ, ಬೈರಿ. ವಾರ್ಡೊಳಗೆ ಬಿಡೋ ಆ ಕುತ್ತಿಗೇಲಿರೋ ಪಾಸ್ ಯಾಕೆ ಬಿಚ್ತಿದೀರಿ? ನಂಗಾ... ಅಜ್ಜಿಗಾ?

ಕೊಡಿ ಇಲ್ಲಿ.

ಥ್ಯಾಂಕ್ಸ್ ಹೇಳು ಅಂದಿದ್ರಲ್ಲ, ಇದಕ್ಕೆ ಹೇಳ್ತೀನಿ. ಬಾಯ್ತುಂಬ ಹೇಳ್ತೀನಿ. ಆದ್ರೆ ಅಕ್ಕನ ಸಿಟ್ಟು ಇನ್ನೂ ಹೊಟ್ಟೇಲಿದೆ, ಅದಕ್ಕೇ ಈ ಸಭೆ ಹಾಲಿನ ಬಾಗಿಲನ್ನ ಧಡಾರ್ ಅಂತ ಬಡಿದೇ ಹೋಗ್ತೀನಿ, ಯಾರೂ ಬೆಚ್ಚಬೇಡಿ. ವಾರ್ಡಿನ ಬಾಗಿಲನ್ನ ಮಾತ್ರ ಅಜ್ಜಿ ಕೈಯಲ್ಲೇ, ಮೆಲ್ಲಗೆ ತೆಗೆಸ್ತೀನಿ.

ಎಲ್ರಿಗೂ ನಮಸ್ಕಾರ!