ನುಣುಚಿಕೊಳ್ಳುವ ಕೋಶಗಳು

ಆಸ್ಪತ್ರೆಯ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ದರ್ಜಿಯ ಕಿವಿ, ನೂಲಿನ ಮಾತು ಬಿದ್ದದ್ದೇ ಪಕ್ಕದ ಅಕ್ಕತಮ್ಮಂದಿರತ್ತ ಹೊರಳಿತು.

"ಜೀವಕೋಶ ಎರಡಾಗೋವಾಗ ಒಳಗಿನ ನೂಲುಗಳು ಅದನ್ನ ಪಾಲು ಮಾಡ್ತವೆ. ಅಮ್ಮನಿಗೆ ಕೊಡ್ತಿರೋ ಔಷಧಿ ಆ ನೂಲನ್ನೇ ಬಿಗಿದುಬಿಡುತ್ತೆ. ಕ್ಯಾನ್ಸರ್ ಕೋಶ ಅಲ್ಲೇ ನಿಲ್ಲುತ್ತೆ."

"ನೀನು ಕಣ್ಣಾರೆ ನೋಡಿದೀಯಾ, ಅಕ್ಕಾ?"

"ದಿನಾ. ಲ್ಯಾಬಲ್ಲಿ ಅದೇ ಔಷಧಿ ಹಾಕಿ, ಮೈಕ್ರೋಸ್ಕೋಪಲ್ಲಿ ನೋಡೋದೇ ನನ್ನ ಕೆಲಸ."

"ಮತ್ತೆ ಯಾಕೆ ಕಲ್ಲಿನ ಹಾಗೆ ಕೂತಿದೀಯ?"

"ಕೆಲವು ಕೋಶ ಔಷಧಿಯಿಂದ ನುಣುಚಿಕೊಂಡು ಬದುಕ್ತವೆ. ನಮ್ಮ ಸಂಶೋಧನೆಗೆ ಬೇಕಾಗಿರೋದೇ ಅವು; ಅಂಥದ್ದು ಸಿಕ್ಕಿದ್ರೆ ಎಲ್ಲರನ್ನೂ ಕರೆದು ತೋರಿಸಿ ಚಪ್ಪಾಳೆ ತಟ್ತೀವಿ."

"ನಿನ್ನೆನೂ ತಟ್ಟಿದ್ಯಾ?"

"ತಟ್ಟಿದೆ. ಅಭ್ಯಾಸ."

ಒಳಗಿನಿಂದ ನರ್ಸ್ ಕೈ ಹಿಡಿದು ಅಮ್ಮ ಬಂದರು.

"ಏನಂತೋ ನಿನ್ನಕ್ಕನ ವಿಜ್ಞಾನ?"

"ಎಲ್ಲಾ ನಿಂತುಹೋಗ್ತವಂತೆ, ಅಮ್ಮಾ."

ಅಕ್ಕ ಅಮ್ಮನಿಗೆ ಶಾಲು ಹೊದಿಸಿದಳು. ಮೂವರೂ ಮೆಲ್ಲಗೆ ಬಾಗಿಲು ದಾಟಿದರು.